ಪರಮಾಣುವೂ ಕಲ್ಲಿನ ಹಾಗೇ ಬೀಳುತ್ತಾ?



ಒಂದು ದಪ್ಪ ಕಲ್ಲು, ಒಂದು ಸಣ್ಣ ಕಲ್ಲು ಎರಡನ್ನೂ ಒಟ್ಟಿಗೆ ಬಾವಿಗೆ ಬಿಟ್ಟರೆ ಯಾವುದು ಮೊದಲು ನೀರು ಮುಟ್ಟುತ್ತೆ? ದಪ್ಪ ಕಲ್ಲು ಅಂತ ನಮ್ಮ ತರಗತಿಯಲ್ಲೇ ಅರ್ಧ ಜನ ಕೈ ಎತ್ತುತ್ತಾರೆ. ಆದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತವೆ. ಗರಿ ನಿಧಾನವಾಗಿ ಬೀಳೋದು ಗಾಳಿ ತಡೆಯೋದರಿಂದ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಎಂಬುವರು ಗಾಳಿಯೇ ಇಲ್ಲದ ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಕೈಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಮತ್ತೆ ಇನ್ನೇನು ಪರೀಕ್ಷೆ ಅಂತೀರಾ? ಐನ್‌ಸ್ಟೈನರ ಗುರುತ್ವ ಸಿದ್ಧಾಂತ ನಿಂತಿರುವುದೇ ಈ ಮಾತಿನ ಮೇಲೆ. ಪರಮಾಣುಗಳ ನಡತೆ ಹೇಳುವ ಕ್ವಾಂಟಂ ಸಿದ್ಧಾಂತಕ್ಕೂ ಅದಕ್ಕೂ ಇನ್ನೂ ಹೊಂದಾಣಿಕೆ ಆಗಿಲ್ಲ. ಎರಡನ್ನೂ ಕೂಡಿಸಲು ಹೊರಟ ಕೆಲವು ಸಿದ್ಧಾಂತಗಳ ಪ್ರಕಾರ ಬೇರೆ ಬೇರೆ ವಸ್ತುಗಳು ಬೀಳುವುದರಲ್ಲಿ ಅತಿ ಸಣ್ಣ ವ್ಯತ್ಯಾಸ ಇರಬಹುದು. ಅದು ಸಿಕ್ಕರೆ ನಮ್ಮ ಭೌತಶಾಸ್ತ್ರದ ಪುಸ್ತಕವನ್ನೇ ತಿದ್ದಬೇಕಾಗುತ್ತೆ.

ಹಾಗೆ ಹುಡುಕುವ ಒಂದು ಸಾಧನ ಪರಮಾಣು ಇಂಟರ್‌ಫೆರೋಮೀಟರ್. ಹೆಸರು ನೋಡಿ ಹೆದರಬೇಡಿ. ಕೆರೆಗೆ ಎರಡು ಕಡೆ ಕಲ್ಲು ಹಾಕಿ ನೋಡಿ. ಅಲೆಗಳು ಸೇರುವಲ್ಲಿ ಉಬ್ಬಿಗೆ ಉಬ್ಬು ಕೂಡಿದರೆ ನೀರು ಇನ್ನೂ ಮೇಲೇಳುತ್ತೆ. ಉಬ್ಬಿಗೆ ತಗ್ಗು ಕೂಡಿದರೆ ಸುಮ್ಮನಾಗುತ್ತೆ. ಪರಮಾಣು ಕೂಡ ಅಲೆಯ ಹಾಗೆ ನಡೆದುಕೊಳ್ಳುತ್ತದೆ. ಓದಿದಾಗ ನನಗಂತೂ ನಂಬೋಕೇ ಆಗಲಿಲ್ಲ.

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕಸೆವಿಚ್ ಮತ್ತು ಸ್ಟೀವನ್ ಚು 1991ರಲ್ಲಿ ಲೇಸರ್ ಬೆಳಕಿನಿಂದ ಇಂಥದ್ದನ್ನು ಮಾಡಿ ತೋರಿಸಿದರು. ಆಮೇಲೆ ಅಲ್ಲಿ 10 ಮೀಟರ್ ಎತ್ತರದ, ಗಾಳಿ ತೆಗೆದ ಕೊಳವೆ ನಿಲ್ಲಿಸಿದರು. ಮೊದಲು ರುಬಿಡಿಯಂ ಪರಮಾಣುಗಳನ್ನು ಲೇಸರ್‌ನಿಂದ ತಣ್ಣಗೆ ಮಾಡುತ್ತಾರೆ. (ಬೆಳಕು ಬಿದ್ದರೆ ಬಿಸಿಯಾಗಬೇಕಲ್ಲ? ಇಲ್ಲಿ ಬೆಳಕು ಎದುರಿನಿಂದ ತಳ್ಳಿ ಪರಮಾಣುವಿನ ಓಟ ತಗ್ಗಿಸುತ್ತೆ. ಓಟ ತಗ್ಗಿದರೆ ಅದೇ ತಂಪು.) ಆಮೇಲೆ ಕಾರಂಜಿಯ ಹಾಗೆ ಮೇಲಕ್ಕೆ ಚಿಮ್ಮಿಸಿ, ಮತ್ತೆ ಲೇಸರ್ ಹಾಯಿಸಿ ಪ್ರತಿ ಪರಮಾಣುವಿನ ಅಲೆಯನ್ನು ಎರಡು ದಾರಿಗೆ ಒಡೆಯುತ್ತಾರೆ. ಇನ್ನೊಮ್ಮೆ ಹಾಯಿಸಿ ಆ ದಾರಿಗಳನ್ನು ಹತ್ತಿರಕ್ಕೆ ತಿರುಗಿಸುತ್ತಾರೆ, ಮತ್ತೊಮ್ಮೆ ಹಾಯಿಸಿ ಕೂಡಿಸುತ್ತಾರೆ. ಒಂದೇ ಪರಮಾಣು ಎರಡೂ ದಾರಿಯಲ್ಲಿ ಹೋಗಿ ತನ್ನನ್ನೇ ತಾನು ಸೇರುತ್ತೆ! 2015ರಲ್ಲಿ ಪ್ರಕಟವಾದ ಅಲ್ಲಿನ ಒಂದು ಪ್ರಯೋಗದಲ್ಲಿ ಆ ಎರಡು ದಾರಿಗಳ ನಡುವೆ 54 ಸೆಂಟಿಮೀಟರ್ ಅಂತರ ಇತ್ತು. ನಮ್ಮ ಉದ್ದ ಸ್ಕೇಲು ಎರಡನ್ನು ಸಾಲಾಗಿ ಇಟ್ಟರೆ ಸ್ವಲ್ಪ ಉಳಿಯುತ್ತೆ ಅಷ್ಟೆ.

ಗುರುತ್ವ ಎಷ್ಟು ಎಳೆಯಿತೋ ಅದಕ್ಕೆ ತಕ್ಕಂತೆ ಅಲೆಯ ಉಬ್ಬು ತಗ್ಗುಗಳು ಜರುಗುತ್ತವೆ. ಅದನ್ನು ಅಳೆಯಲು ಲೇಸರ್ ಬೆಳಕಿನ ಅಲೆಯೇ ಸ್ಕೇಲು. ಅದರ ಒಂದೊಂದು ಗೆರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು.

2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರುಬಿಡಿಯಂ 85, ರುಬಿಡಿಯಂ 87 ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡರಲ್ಲೂ ಪ್ರೋಟಾನ್ 37. ನ್ಯೂಟ್ರಾನ್ ಮಾತ್ರ ಒಂದರಲ್ಲಿ 48, ಇನ್ನೊಂದರಲ್ಲಿ 50. ಎರಡು ನ್ಯೂಟ್ರಾನ್ ಹೆಚ್ಚಿದ್ದರೆ ಬೇರೆ ಥರ ಬೀಳುತ್ತಾ? 2 ಸೆಕೆಂಡಿನ ಬೀಳುವಿಕೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಒಂದು ಲಕ್ಷ ಕೋಟಿಯಲ್ಲಿ 20 ಪಾಲು ವ್ಯತ್ಯಾಸ ಇದ್ದಿದ್ದರೂ ಸಿಕ್ಕಿಬೀಳುತ್ತಿತ್ತು. ಏನೂ ಸಿಗಲಿಲ್ಲ ಅಂದರೆ ಶ್ರಮ ದಂಡ ಅಂತ ನನಗೇನೂ ಅನ್ನಿಸಲ್ಲ. ಅಷ್ಟು ವ್ಯತ್ಯಾಸ ಇದೆ ಅನ್ನುವ ಸಿದ್ಧಾಂತಗಳೆಲ್ಲ ಅಲ್ಲಿಗೇ ಫೇಲು.

ಫ್ರಾನ್ಸ್ 2016ರಲ್ಲಿ ಹಾರಿಸಿದ ಮೈಕ್ರೊಸ್ಕೋಪ್ ಎಂಬ ಉಪಗ್ರಹ ಟೈಟಾನಿಯಂ, ಪ್ಲಾಟಿನಂ ತುಂಡುಗಳನ್ನು ಇಟ್ಟುಕೊಂಡು ಇದಕ್ಕಿಂತ ಸುಮಾರು ಸಾವಿರ ಪಟ್ಟು ಸೂಕ್ಷ್ಮವಾಗಿ ಅಳೆಯಿತು, ನಿಜ. ಆದರೆ ಎರಡು ದಾರಿಯಲ್ಲಿ ಅಲೆಯಾಗಿ ಹೋಗುವ ವಸ್ತು ಹೇಗೆ ಬೀಳುತ್ತೆ ಅಂತ ಆ ಲೋಹದ ತುಂಡುಗಳಿಂದ ಗೊತ್ತಾಗೋದಿಲ್ಲ.

ರುಬಿಡಿಯಂ ಎಲ್ಲಿದೆ ಅಂತ ನೋಡಬೇಕಾದವರು ವಿಜ್ಞಾನ ಕೊಠಡಿಯ ಆವರ್ತ ಕೋಷ್ಟಕದಲ್ಲಿ 37ನೇ ಮನೆ ನೋಡಿ. ಪೊಟ್ಯಾಸಿಯಂ ಕೆಳಗೇ ಇದೆ.