ಬೇಳೆ ಬೇಯದ ನೀರಲ್ಲಿ ಜರತಾರಿ ಮೀನು

ಬೆಳಗಿನ ಜಾವ ಐದು ಗಂಟೆ. ಗುಂಡ್ಲುಪೇಟೆಯ ಸೋದರತ್ತೆ ಮನೆಯ ಹಿತ್ತಿಲಲ್ಲಿ ಟಾರ್ಚ್ ಹಿಡಿದು ಬಗ್ಗಿದವನಿಗೆ ಎದೆ ಝಲ್ಲೆಂದಿತು! ಸಿಮೆಂಟ್ ತೊಟ್ಟಿಯ ಕೊಯಿ ಮೀನುಗಳೆಲ್ಲ ಮೇಲೆದ್ದು ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿವೆ. ಹಿಂದಿನ ಸಂಜೆ ಇವೇ ಮೀನುಗಳು ಹಿಂಡಿಗೆ ಮುಗಿಬಿದ್ದು ನನ್ನ ಬೆರಳನ್ನೂ ಚೀಪಿದ್ದವು. ಬಿಸಿಲೇರಿ ಹತ್ತು ಗಂಟೆಗೆ ನೋಡಿದರೆ ಮತ್ತೆ ಆರಾಮಾಗಿ ಈಜಾಡುತ್ತಿವೆ! ರಾತ್ರಿ ಆ ನೀರೊಳಗೆ ನಡೆದದ್ದಾದರೂ ಏನು?

ಎಲ್ಲಾ ಆ ಹಸಿರಿನ ಕೆಲಸ! ನೀರಿಗೆ ಬಣ್ಣ ಕಟ್ಟಿದ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ. ಕತ್ತಲಾಯಿತೋ, ಮೀನಿನ ಜೊತೆಗೆ ತಾನೂ ಅದನ್ನೇ ಉಸಿರಾಡುತ್ತದೆ. ಹೊತ್ತು ಮೂಡುವ ಮುನ್ನ ತೊಟ್ಟಿಯ ಉಸಿರು ತಳ ಕಂಡಿರುತ್ತದೆ. 20 ಡಿಗ್ರಿ ತಂಪಿದ್ದರೆ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಗೆ ಏಳೂವರೆಯಷ್ಟೇ. ಏರ್ ಪಂಪನ್ನು ರಾತ್ರಿ ಆರಿಸುವವರೇ, ಬೇಕಾದರೆ ಹಗಲು ಆರಿಸಿ. ರಾತ್ರಿ ಮಾತ್ರ ಬೇಡ!

ಇನ್ನೊಂದು ಬೆರಗು ಫಿಲ್ಟರಿನ ಸ್ಪಾಂಜಿಗೆ ಅಂಟಿದ ಕಂದು ಲೋಳೆಯಲ್ಲಿತ್ತು. ಮೀನು ಕಿವಿರುಗಳ ಮೂಲಕವೇ ಅಮೋನಿಯಾ ಬಿಡುತ್ತದೆ. ಅದು ಮೀನಿಗೇ ವಿಷ. ಲೋಳೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡಿಬಿಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಸಂಸಾರ ನೆಲೆಯೂರಲು ನಾಲ್ಕಾರು ವಾರ ಬೇಕು. ಗಲೀಜೆಂದು ನಲ್ಲಿ ನೀರಲ್ಲಿ ತಿಕ್ಕಿದರೆ ಕ್ಲೋರಿನ್ನಿಗೆ ಬಲಿ. ತೊಟ್ಟಿಯ ನೀರಲ್ಲೇ ಜಾಲಿಸಿದರೆ ಸಾಕು.

ನನ್ನನ್ನು ಕುಣಿಸಿಬಿಟ್ಟ ಸಂಗತಿ ಮುಂದಿದೆ. "ಈ ಬೋರ್ ನೀರಲ್ಲಿ ಬೇಳೆ ಬೇಯಕಿಲ್ಲ ಕನಪ್ಪ" ಎಂದು ಅತ್ತೆ ಮೊದಲಿಂದಲೂ ಬೈಯುತ್ತಿದ್ದರು. ಚಾಮರಾಜನಗರದ ಕಡೆಯೂ ಅದೇ ಗೋಳು: ಸೋಪು ನೊರೆಯಾಗದು, ಬಿಂದಿಗೆಗೆ ಬಿಳಿ ಪರೆ. ಇಂಥ ಗಡಸು ನೀರಿನ ಜೊತೆ ಸಾಮಾನ್ಯವಾಗಿ ಬರುವ ಬೈಕಾರ್ಬೊನೇಟ್ ಇದೆಯಲ್ಲ, ಆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೇ ಅದು! ಅಮೋನಿಯಾದಲ್ಲಿನ ಒಂದು ಗ್ರಾಂ ಸಾರಜನಕವನ್ನು ಅರಗಿಸಲು ಏಳು ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಮೆದು ನೀರಲ್ಲಿ ಆ ದಾಸ್ತಾನು ಬೇಗ ಮುಗಿದು ಪಿಎಚ್ ದಿಢೀರನೆ ಕುಸಿಯುತ್ತದೆ. ಬೇಳೆ ಬೇಯಿಸದ ನೀರು ಮೀನು ಕಾಯುತ್ತಿದೆ! ಒಂದು ಎಚ್ಚರ ಮಾತ್ರ ಬೇಕು. ಪಿಎಚ್ 8 ದಾಟಿದ ನೀರಲ್ಲಿ ಅಮೋನಿಯಾದ ವಿಷವೂ ಜೋರು. ಆದ್ದರಿಂದ ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಮೇವು ಹಾಕಿ, ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ. ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ; ಎತ್ತರದಿಂದ ಚಿಮ್ಮಿಸಿ ಬಿಡಿ.

ಇಷ್ಟಕ್ಕೂ ಈ ಮೀನು ಯಾರು? ಜಪಾನಿನ ನೀಗಾಟದ ಬೆಟ್ಟಗಾಡಿನ ಭತ್ತದ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ, 19ನೇ ಶತಮಾನದ ಮೊದಲ ಭಾಗದಲ್ಲಿ, ಅಲ್ಲೊಂದು ಇಲ್ಲೊಂದು ಕೆಂಪು ಬಿಳುಪು ಮರಿ ಹುಟ್ಟಿದವು. 1914ರ ಟೋಕಿಯೊ ಪ್ರದರ್ಶನದಲ್ಲಿ ಜಪಾನೆಲ್ಲ ಅವನ್ನು ಕಂಡಿತು. ಅಲ್ಲಿನ ಹೆಸರು 'ನಿಶಿಕಿಗೊಯಿ', ಅಂದರೆ ಜರತಾರಿ ಗೆಂಡೆ. ಕೊಳ್ಳೇಗಾಲದ ರೇಷ್ಮೆ ಸೀರೆ ನೇಯುವ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಮೀನು ಉಂಟೆ!

ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ತೂಗುವ ಸಾಮಾನ್ಯ ಗೆಂಡೆಗೂ ಇದಕ್ಕೂ ರಕ್ತಸಂಬಂಧ. ಆ ಗೆಂಡೆ ಭಾರತಕ್ಕೆ ಮೊದಲು ಕಾಲಿಟ್ಟದ್ದು 1939ರಲ್ಲಿ, ಶ್ರೀಲಂಕಾದಿಂದ ನೀಲಗಿರಿಗೆ. ಅಂದರೆ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ಊಟಿಯ ಸೀಮೆಗೆ!

ಈ ನೆಂಟಸ್ತಿಕೆಯಿಂದಲೇ ಒಂದು ಮಾತು ಹೇಳಬೇಕಾಗಿದೆ. ತೊಟ್ಟಿಯ ಮೀನಿನ ಹೇನು, ರೋಗ ಕೆರೆಯ ಗೆಂಡೆಗೂ ಹತ್ತುತ್ತವೆ. ಸಾಕಿ ಸಾಕಾಯಿತೆಂದು ಕೊಯಿಯನ್ನು ಸುವರ್ಣಾವತಿಗೋ ಚಿಕ್ಕಹೊಳೆಗೋ ಊರ ಕೆರೆಗೋ ಬಿಡಬೇಡಿ. ಅಲ್ಲಿ ಬಲೆ ಬೀಸಿ ಬದುಕುವ ಸಂಸಾರಗಳಿವೆ. ಸಾಕಬಲ್ಲ ಇನ್ನೊಂದು ಮನೆಯ ತೊಟ್ಟಿಗೆ ಕೊಡಿ.