ಕುಡಚಿ ಬದನೆಯ ಬೀಜ ಯಾರದ್ದು? ಕುಲಾಂತರಿ ಬೆಳೆಯ ರೊಕ್ಕದ ಲೆಕ್ಕ

ಖಾನಾಪುರದಿಂದ ಮೀರಜ್ ಕಡೆ ಹೋಗೋ ರೈಲು ಬೆಳಗಾವಿ, ಘಟಪ್ರಭಾ, ರಾಯಬಾಗ ದಾಟಿ ಕುಡಚಿಗೆ ಬರ್ತದ. ಆ ಊರಿನ ಹೆಸರಲ್ಲೇ ಒಂದು ಬದನೆ ತಳಿ ಐತಿ, ‘ಕುಡಚಿ ಲೋಕಲ್’. ಈ ಬದನೆ ಕೋರ್ಟ್ ಮೆಟ್ಟಿಲು ಹತ್ತಿದ್ದು ನಮ್ಮ ಜಿಲ್ಲೆಯಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ಕುಲಾಂತರಿ ಬೆಳೆ ಅಂದ ಕೂಡಲೇ, ತಿಂದ್ರೆ ಏನಾಗ್ತದೋ ಅನ್ನೋ ಜಗಳ ಶುರು. ನಾನು ಬಿಕಾಂ ಓದಿದವ, ಆ ವಿಷಯ ವಿಜ್ಞಾನಿಗಳಿಗೆ ಬಿಡ್ತೀನಿ. ನನ್ನ ಪ್ರಶ್ನೆ ರೊಕ್ಕದ್ದು. ಹೊಸ ಬೀಜದಿಂದ ಲಾಭ ಬಂದ್ರೆ ಬೀಜದವರಿಗೆ ಎಷ್ಟು, ರೈತರಿಗೆ ಎಷ್ಟು?

ಹತ್ತಿಯಿಂದ ಶುರು ಮಾಡೋಣ, ಯಾಕಂದ್ರೆ ನಮ್ಮ ಸವದತ್ತಿ, ಬೈಲಹೊಂಗಲದ ಎರೆ ಹೊಲದಲ್ಲಿ ಈ ಲೆಕ್ಕ ಈಗಾಗಲೇ ನಡೆದು ಹೋಗಿದೆ. ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗೆ ಸೇರಿಸಿದ್ದರಿಂದ, ಗಿಡ ತಿಂದ ಕಾಯಿಕೊರಕ ಹುಳು ಸಾಯುತ್ತದೆ. ಆರಂಭದಲ್ಲಿ 450 ಗ್ರಾಂ ಪ್ಯಾಕೆಟ್‌ಗೆ ಸುಮಾರು 1,600 ರೂಪಾಯಿ. ಅದರಲ್ಲಿ ಹತ್ತಿರಹತ್ತಿರ 1,250 ರೂಪಾಯಿ ಬರೀ ‘ಟ್ರೇಟ್ ಫೀ’, ಅಂದ್ರೆ ಜೀನಿನ ಬಾಡಿಗೆ! 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ಆಯೋಗಕ್ಕೆ ದೂರು ಕೊಟ್ಟ ಮೇಲೆ ಪ್ಯಾಕೆಟ್ 750ಕ್ಕೆ ಇಳೀತು. 2016ರಲ್ಲಿ ಕೇಂದ್ರವೇ ದರ ನಿಗದಿ ಮಾಡಿತು: ಎರಡನೇ ತಲೆಮಾರಿನ ಬಿಟಿ ಪ್ಯಾಕೆಟ್‌ಗೆ 800, ಅದರಲ್ಲಿ ಫೀ 49. 2020ಕ್ಕೆ ಫೀ ಸೊನ್ನೆ. ಅಂದ್ರೆ 1,250 ಅನ್ನೋದು ವಿಜ್ಞಾನದ ಖರ್ಚಲ್ರೀ, ಕೇಳೋರು ಇಲ್ಲದಾಗ ಹೇಳಿದ ರೇಟು.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಬಿಟಿ ಹತ್ತಿ ಹೆಚ್ಚಾಗಿ ಹೈಬ್ರಿಡ್ ರೂಪದಲ್ಲೇ ಬಂತು. ಹೈಬ್ರಿಡ್ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬರಲ್ಲ, ಹಂಗಾಗಿ ಪ್ರತಿ ವರ್ಷ ಅಂಗಡಿಗೇ ಹೋಗಬೇಕು. ಮೊದಲ ವರ್ಷಗಳಲ್ಲಿ ಔಷಧಿ ಸಿಂಪಡಣೆ ಕಡಿಮೆ ಆಗಿದ್ದು ಖರೆ. ಆದರೆ 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿಯನ್ನು ತಡ್ಕೊಂಡು ಬದುಕಿತು, ಮುಂದೆ ಎರಡನೆಯದನ್ನೂ. ಆಗ ಬೀಜಕ್ಕೂ ರೊಕ್ಕ, ಔಷಧಿಗೂ ರೊಕ್ಕ.

ಈಗ ಕುಡಚಿಗೆ ಬರೋಣ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಮಹಿಕೊ ಸೇರಿ ಕುಡಚಿ ಲೋಕಲ್, ಮಳಾಪುರ ಲೋಕಲ್, ಉಡುಪಿಯ ಮಟ್ಟುಗುಳ್ಳದಂಥ ನಾಟಿ ತಳಿಗಳಿಗೆ ಬಿಟಿ ಜೀನ್ ಸೇರಿಸಿದರು. ಇವು ಹೈಬ್ರಿಡ್ ಅಲ್ಲ, ರೈತರು ಬೀಜ ಎತ್ತಿಟ್ಟುಕೊಳ್ಳಬಹುದಾದ ತಳಿಗಳು. ಜೇಬಿನ ಲೆಕ್ಕದಲ್ಲಿ ಇದು ಹತ್ತಿಗಿಂತ ಎಷ್ಟೋ ವಾಸಿ. ತಕರಾರು ಬಂದಿದ್ದು ಬೇರೆ ಕಡೆಯಿಂದ. ಊರ ತಳಿ ಬಳಸುವ ಮುಂಚೆ ಕಾನೂನು ಹೇಳುವ ಒಪ್ಪಿಗೆ ಪಡೆದಿಲ್ಲ ಅಂತ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. 2012ರಲ್ಲಿ ಧಾರವಾಡದ ಕೋರ್ಟ್‌ನಲ್ಲಿ ಕೇಸ್ ದಾಖಲಾಯಿತು. ಇದು ಲಾಭಕ್ಕಲ್ಲ, ಬಡ ರೈತರಿಗೆ ಅಗ್ಗದ ಬೀಜ ಕೊಡೋಕೆ ಅನ್ನೋದು ವಿವಿ ಕಡೆಯ ವಾದ. ಆದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ, ತಳಿಯಿಂದ ಲಾಭ ಬಂದರೆ ಅದನ್ನು ಉಳಿಸಿಕೊಂಡು ಬಂದ ಜನರಿಗೂ ಪಾಲು ಸಿಗಬೇಕು. ಜೀನ್ ಕೊಟ್ಟವರಿಗೆ ಬಾಡಿಗೆ ಕೇಳುವ ಹಕ್ಕಿದ್ದರೆ, ತಳಿ ಕೊಟ್ಟ ಕುಡಚಿಯವರಿಗೆ ಯಾಕಿರಬಾರದು?

ಅಷ್ಟರಲ್ಲಿ, 2010ರ ಫೆಬ್ರವರಿ 9ರಂದು ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿಬಿಟ್ಟಿದ್ದರು. ಬಾಂಗ್ಲಾದೇಶ 2013ರಲ್ಲಿ ತನ್ನದೇ ತಳಿಗಳಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಔಷಧಿ ಖರ್ಚು ಇಳಿದು ಇಳುವರಿ ಏರಿದ್ದನ್ನು ಅಧ್ಯಯನಗಳು ಹೇಳ್ತವೆ. ಹಂಗಾಗಿ ತಡೆಯಿಂದ ನಮ್ಮ ರೈತರಿಗೆ ಏನೂ ನಷ್ಟ ಆಗಿಲ್ಲ ಅಂತಾನೂ ನಾನು ಹೇಳಲ್ಲ.

ಖಾನಾಪುರದವರು, ‘ನಮ್ಮದು ಭತ್ತ, ನಮಗೇನು?’ ಅನ್ನಬಹುದು. 2025ರ ಮೇ 4ರಂದು ಕೇಂದ್ರ ಎರಡು ಜೀನ್ ತಿದ್ದಿದ ಭತ್ತದ ತಳಿ ಘೋಷಿಸಿತು. ಅದರಲ್ಲಿ ‘ಕಮಲಾ’ ಬಂದಿದ್ದು ಸಾಂಬಾ ಮಸೂರಿಯಿಂದ. ಹೊರಗಿನ ಜೀನ್ ಇರದ ಇಂಥ ಬೆಳೆಗಳಿಗೆ 2022ರಲ್ಲೇ ಕುಲಾಂತರಿ ನಿಯಮದಿಂದ ವಿನಾಯಿತಿ ಸಿಕ್ಕಿದೆ. ಆದರೆ ತಿದ್ದುವ ಕ್ರಿಸ್ಪರ್ ತಂತ್ರಕ್ಕೆ ವಿದೇಶಿ ಪೇಟೆಂಟ್ ಐತಿ. ಬೀಜ ಎತ್ತಿಟ್ಟು ಬಿತ್ತುವ, ಹಂಚುವ ಹಕ್ಕು 2001ರ ಕಾಯ್ದೆಯಲ್ಲಿ ರೈತರಿಗೆ ಇದೆ. ಬ್ರ್ಯಾಂಡ್ ಹೆಸರು ಹಾಕಿ ಮಾರೋ ಹಂಗಿಲ್ಲ, ಅಷ್ಟೇ. ಹೊಸ ಬೀಜ ರೈತ ಸಂಪರ್ಕ ಕೇಂದ್ರಕ್ಕೆ ಬಂದ ದಿನ ಇಳುವರಿ ಕೇಳೋ ಮುಂಚೆ ಇದನ್ನ ಕೇಳ್ರಿ: ಲೈಸೆನ್ಸ್ ರೊಕ್ಕ ಸರ್ಕಾರ ಕಟ್ಟಿದೆಯೋ, ಚೀಲದ ರೇಟಿನಲ್ಲಿ ಸೇರಿದೆಯೋ?