ಪರಿಚಾರಕನು ಕಟ್ಟಿದ ಪ್ರಾರ್ಥನಾಮಂದಿರ

ಯುನಿಟೇರಿಯನ್ ಸಭೆಗಳ ಬಾಳುವೆಯೂ ಬರಲಿರುವ ಹಬ್ಬಗಳೂ

ಮುಂಬಯಿಯ ಗಿರಗಾಂವಿನ ಮಾರ್ಗವಾಗಿ ಬಸ್ಸಿನಲ್ಲಿ ಹೋಗುವ ನಮ್ಮವರಿಗೆ 'ಪ್ರಾರ್ಥನಾ ಸಮಾಜ' ಎಂಬ ನಿಲ್ದಾಣದ ಹೆಸರು ಪರಿಚಿತವಾದುದೇ. ಆದರೆ ಅದು 1867ರಲ್ಲಿ ಸ್ಥಾಪಿತವಾದ ಒಂದು ಉಪಾಸನಾ ಸಂಸ್ಥೆಯ ಹೆಸರೆಂಬುದನ್ನೂ, ಕನ್ನಡ ನಾಡಿನಲ್ಲಿ ಹುಟ್ಟಿದ ಇಬ್ಬರು ಮಹನೀಯರು ಅದರ ಆಧಾರಸ್ತಂಭಗಳಾಗಿದ್ದರೆಂಬುದನ್ನೂ ಬಲ್ಲವರು ಎಷ್ಟು ಮಂದಿ? ಒಬ್ಬರು ಹೊನ್ನಾವರದಲ್ಲಿ ಜನಿಸಿದ ಸರ್ ನಾರಾಯಣ ಗಣೇಶ ಚಂದಾವರ್ಕರರು. ಇನ್ನೊಬ್ಬರು ಜಮಖಂಡಿಯಲ್ಲಿ ಜನಿಸಿದ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರು. ಶಿಂದೆಯವರು 1901ರಲ್ಲಿ ವಿಲಾಯತಿಗೆ ತೆರಳಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಎರಡು ವರ್ಷ ಧರ್ಮಗಳ ತೌಲನಿಕ ಅಭ್ಯಾಸ ಮಾಡಿದರು. ಅದಕ್ಕೆ ನೆರವಾದವರು ಯುನಿಟೇರಿಯನ್ನರು.

ಯಾರಿವರು ಯುನಿಟೇರಿಯನ್ನರು? ದೇವರು ಒಬ್ಬನೇ, ಏಸುವು ಪೂಜ್ಯನಾದ ಗುರುವೇ ಹೊರತು ದೇವರಲ್ಲ ಎಂದು ಹೇಳಿದುದರಿಂದ ಕ್ರೈಸ್ತ ಸಮಾಜದ ಬಹುಮತದಿಂದ ಬೇರೆಯಾಗಿ ನಿಂತವರು ಇವರು. ಯುರೋಪಿನ ಟ್ರಾನ್ಸಿಲ್ವೇನಿಯದಲ್ಲಿ 16ನೆಯ ಶತಮಾನದಿಂದಲೂ ಇವರ ಸಭೆಗಳಿವೆ. ಇಂಗ್ಲೆಂಡಿನಲ್ಲಾದರೋ ದೇವರ ತ್ರಿತ್ವವನ್ನು ನಿರಾಕರಿಸುವುದು 1813ರ ವರೆಗೂ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿದ್ದಿತು. ನಮ್ಮ ದೇಶದಲ್ಲಿಯೂ ಇವರ ಸಭೆಗಳಿವೆ. ಅವು ಹುಟ್ಟಿದ ಬಗೆ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರು ತಿಳಿಯಬೇಕಾದುದಾಗಿದೆ.

ಮದರಾಸಿನ ಮನೆಯಾಳು

ಭಾರತದ ಮೊದಲ ಯುನಿಟೇರಿಯನ್ ಸಭೆಯನ್ನು ಕಟ್ಟಿದವನು ಬಿಳಿಯ ಪಾದ್ರಿಯಲ್ಲ, ಶ್ರೀಮಂತನಲ್ಲ, ಪಂಡಿತನೂ ಅಲ್ಲ. ತಿರುವೆಂಗಡಮ್ ಎಂಬ ತಮಿಳು ಅನಾಥ ಬಾಲಕನೊಬ್ಬನು ಅನ್ಯರ ಊಳಿಗದಲ್ಲಿ ಬೆಳೆದು, ಹಡಗನ್ನೇರಿ ಇಂಗ್ಲೆಂಡನ್ನು ಸೇರಿ, ಅಲ್ಲಿಯೂ ಮನೆಯಾಳಾಗಿ ದುಡಿದನು. ಅಲ್ಲಿಯೇ ದೀಕ್ಷೆ ಹೊಂದಿ ವಿಲಿಯಂ ರಾಬರ್ಟ್ಸ್ ಎಂದಾದನು. ಬಿಡುವಿನ ವೇಳೆಯಲ್ಲಿ ಅವನ ಕೈಗೆ ಬಂದವು ಲಿಂಡ್ಸೆ ಮತ್ತು ಜೋಸೆಫ್ ಪ್ರೀಸ್ಟ್ಲಿ ಎಂಬವರ ಬರಹಗಳು.

ಈ ಪ್ರೀಸ್ಟ್ಲಿಯ ಹೆಸರನ್ನು ನಮ್ಮ ಹೋಟೆಲು ಬಂಧುಗಳು ಕೇಳಿರಲಿಕ್ಕಿಲ್ಲ. ಆದರೆ ಅವನ ಶೋಧವನ್ನು ದಿನವೂ ಗಿರಾಕಿಗಳ ಮುಂದೆ ಇಡುತ್ತಾರೆ. ನೀರಿಗೆ ಅನಿಲವನ್ನು ಕೂಡಿಸಿ ಸೋಡಾ ನೀರನ್ನು ಮಾಡುವ ಬಗೆಯನ್ನು 1767ರಲ್ಲಿ ಕಂಡುಹಿಡಿದವನು ಅವನೇ. 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿ ತೋರಿಸಿದವನೂ ಅವನೇ. ಅಂತಹ ವಿಜ್ಞಾನಿಯು ಯುನಿಟೇರಿಯನ್ ಉಪದೇಶಕನೂ ಆಗಿದ್ದನು. ಅವನ ವಿಚಾರಗಳಿಗಾಗಿ 1791ರಲ್ಲಿ ಬರ್ಮಿಂಗ್‌ಹ್ಯಾಮಿನ ದೊಂಬಿಗಾರರು ಅವನ ಮನೆಗೆ ಬೆಂಕಿಯಿಟ್ಟರು. ಮೂರು ವರ್ಷಗಳ ಬಳಿಕ ಅವನು ದೇಶವನ್ನೇ ಬಿಟ್ಟು ಅಮೆರಿಕೆಗೆ ಹೋಗಬೇಕಾಯಿತು.

ರಾಬರ್ಟ್ಸನು ತಾಯ್ನಾಡಿಗೆ ಮರಳಿ 1795ರಲ್ಲಿ ಮದರಾಸಿನಲ್ಲಿ ಸಭೆಯನ್ನು ಆರಂಭಿಸಿದನು. ಅಲ್ಲಿ ಕೂಡಿದವರು ಬಹುಮಟ್ಟಿಗೆ ಅವನಂತೆಯೇ ದೊರೆಗಳ ಮನೆಗಳಲ್ಲಿ ದುಡಿಯುವ ಬಡವರು. ಪ್ರಾರ್ಥನೆಗಳನ್ನು ಅವನು ತಮಿಳಿಗೆ ತಂದನು. ಹಗಲೆಲ್ಲ ಅನ್ಯರ ಅಪ್ಪಣೆಯನ್ನು ಕೇಳುತ್ತಿದ್ದವರು ಅಲ್ಲಿ ಒಂದು ಗಳಿಗೆ ತಮ್ಮ ನುಡಿಯಲ್ಲಿ, ತಮ್ಮವರ ನಡುವೆ ತಲೆಯೆತ್ತಿ ಕುಳಿತರು. 1813ರಲ್ಲಿ ಪುರಸವಾಕದಲ್ಲಿ ಪುಟ್ಟ ಮಂದಿರವೊಂದು ಎದ್ದಿತು. ಇಂಗ್ಲೆಂಡಿನಲ್ಲಿ ಈ ಮತಕ್ಕೆ ಕಾನೂನಿನ ರಕ್ಷಣೆ ದೊರೆತುದೂ ಅದೇ ವರ್ಷದಲ್ಲಿ! ರಾಬರ್ಟ್ಸನು ಬರೆದ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. 1838ರಲ್ಲಿ ಅವನು ತೀರಿಕೊಂಡ ಮೇಲೆ ಮಗನು ಸಭೆಯ ಭಾರವನ್ನು ಹೊತ್ತನು. ಅಂದಿನ ಮದರಾಸು ಇಂದು ಚೆನ್ನೈ ಆಗಿದೆ. ಚಿಕ್ಕದಾದರೂ ಆ ಸಭೆ ಉಳಿದು ಬಂದಿದೆ.

ಬೆಟ್ಟದ ಮೇಲಿನ ಹಣತೆ

ಇನ್ನೊಂದು ಸಭೆಯ ಕತೆಯು ಈಶಾನ್ಯದ ಖಾಸಿ ಬೆಟ್ಟಗಳದು. ಹಜೋಮ್ ಕಿಸ್ಸೋರ್ ಸಿಂಗ್ ಎಂಬ ಖಾಸಿ ತರುಣನು ವೇಲ್ಸಿನ ಮಿಶನರಿಗಳಿಂದ ಕ್ರೈಸ್ತ ಮತವನ್ನು ಸ್ವೀಕರಿಸಿದ್ದನು. ಆದರೆ ನರಕದ ಭಯವನ್ನು ಮುಂದಿಡುವ ಉಪದೇಶವು ಅವನ ಮನಸ್ಸಿಗೆ ಒಪ್ಪಲಿಲ್ಲ. ಪ್ರೀತಿಸುವ ದೇವರೊಬ್ಬನನ್ನು ಅವನು ತಾನಾಗಿಯೇ ಅರಸತೊಡಗಿದನು. ಅವನಂತೆ ಯೋಚಿಸುವವರು ಬೇರೆಡೆಯಲ್ಲಿಯೂ ಇದ್ದಾರೆಂದು ತಿಳಿದುದು ಕಲಕತ್ತೆಯಲ್ಲಿದ್ದ ಚಾರ್ಲ್ಸ್ ಡಾಲ್ ಎಂಬ ಅಮೆರಿಕನ್ ಯುನಿಟೇರಿಯನ್ನರೊಡನೆ ಪತ್ರವ್ಯವಹಾರ ನಡೆದ ಬಳಿಕ. 1887ರ ಸೆಪ್ಟೆಂಬರ್ 18ರಂದು ಜೋವಾಯ್ ಪಟ್ಟಣದ ತನ್ನ ಮನೆಯಲ್ಲಿ ಅವನು ಮೊದಲ ಉಪಾಸನೆಯನ್ನು ನಡೆಸಿದನು. ಜತೆಗಿದ್ದವರು ಇಬ್ಬರು ಗಂಡಸರು, ಒಬ್ಬ ಹೆಂಗಸು. ಹಾಡಿದುದು ಅವನೇ ಖಾಸಿ ಭಾಷೆಯಲ್ಲಿ ರಚಿಸಿದ ಹಾಡುಗಳನ್ನು. ಅಂದು ಅವನಿಗೆ ವಯಸ್ಸು ಕೇವಲ 22.

ಅವನಿಗೆ ಬೆಂಬಲವಾಗಿ ನಿಂತ ಜೇಬೆಜ್ ಸಂಡರ್‌ಲ್ಯಾಂಡ್ ಎಂಬ ಅಮೆರಿಕನ್ ಉಪದೇಶಕರನ್ನು ಭಾರತೀಯರು ನೆನೆಯಬೇಕು. ಮುಂದೆ ಭಾರತದ ಸ್ವಾತಂತ್ರ್ಯದ ಪರವಾಗಿ ಅವರು ಬರೆದ 'ಇಂಡಿಯಾ ಇನ್ ಬಾಂಡೇಜ್' ಎಂಬ ಗ್ರಂಥವನ್ನು ಕಲಕತ್ತೆಯಲ್ಲಿ ಪ್ರಕಟಿಸಿದುದಕ್ಕಾಗಿ ರಮಾನಂದ ಚಟರ್ಜಿಯವರು 1929ರಲ್ಲಿ ಬ್ರಿಟಿಷ್ ಸರಕಾರದ ಮೊಕದ್ದಮೆಯನ್ನು ಎದುರಿಸಬೇಕಾಯಿತು.

ನಾಲ್ವರಿಂದ ಆರಂಭವಾದ ಆ ಉಪಾಸನೆಗೆ ಸೇರಿದವರ ಸಂಖ್ಯೆ ಇಂದು ಸುಮಾರು 10 ಸಾವಿರವೆಂದು ಎಣಿಕೆ. ಹಳ್ಳಿಹಳ್ಳಿಗಳಲ್ಲಿ ಚಿಕ್ಕ ಮಂದಿರಗಳಿವೆ. ಸಂಬಳ ಪಡೆಯುವ ಪಾದ್ರಿಗಳು ಕಡಿಮೆ. ಭಾನುವಾರದ ಉಪಾಸನೆಯ ಭಾರವನ್ನು ಸಭೆಯ ಸದಸ್ಯರೇ ಹಂಚಿಕೊಂಡು ಹೊರುತ್ತಾರೆ. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಜನಾಂಗವಾದುದರಿಂದಲೋ ಏನೋ, ಅವರ ನಂಬಿಕೆಯ ಮಾತುಗಳಲ್ಲಿ ದೇವರು ತಂದೆಯೂ ಹೌದು, ತಾಯಿಯೂ ಹೌದು. 'ನಂಗ್ರೋಯ್' ಎಂಬುದು ಅವರ ಧ್ಯೇಯವಾಕ್ಯ. ಮುಂದುವರಿಯುತ್ತಲೇ ಇರು ಎಂದು ಅದರ ಅರ್ಥ.

ಇಂಗ್ಲೆಂಡಿನಿಂದ ಬಂದ ಮಾರ್ಗರೆಟ್ ಬಾರ್ ಎಂಬ ಮಹಿಳೆ ಇದೇ ಬೆಟ್ಟಗಳಲ್ಲಿ ನೆಲಸಿ, ಖರಾಂಗ್ ಎಂಬ ಹಳ್ಳಿಯಲ್ಲಿ ಶಾಲೆಯನ್ನೂ ಬಾಣಂತಿಯರ ಶುಶ್ರೂಷೆಯನ್ನೂ ನಡೆಸಿ 1973ರಲ್ಲಿ ಅಲ್ಲಿಯ ಮಣ್ಣಿಗೇ ಸೇರಿದರು. ಜನರನ್ನು ಮತಾಂತರಗೊಳಿಸುವುದು ಅವರ ಉದ್ದೇಶವಾಗಿರಲಿಲ್ಲ. ಅಕ್ಷರವನ್ನೂ ಆರೋಗ್ಯವನ್ನೂ ಕೊಡುವುದೇ ಅವರ ಉಪಾಸನೆಯಾಗಿದ್ದಿತು.

ಬರಲಿರುವ ದಿನಗಳು

ಈ ಸಭೆಗಳ ಪಂಚಾಂಗದಲ್ಲಿ ಹಬ್ಬಗಳು ಹೆಚ್ಚಿಲ್ಲ, ಇರುವವುಗಳಿಗೆ ಅರ್ಥವಿದೆ. ಮೇಘಾಲಯದಲ್ಲಿ ಸೆಪ್ಟೆಂಬರ್ 18 ದೊಡ್ಡ ದಿನ. ಅಂದು ಮಂದಿರಗಳಲ್ಲಿ ಸ್ಥಾಪನೆಯ ಸ್ಮರಣೆ ನಡೆಯುವುದು. ಬರುವ ಸೆಪ್ಟೆಂಬರಿನಲ್ಲಿಯೂ ಜೋವಾಯಿಯ ಆ ನಾಲ್ವರ ನೆನಪಿನಲ್ಲಿ ಹಾಡುಗಳು ಕೇಳಿಬರುವುವು. 2037ರಲ್ಲಿ ಅದಕ್ಕೆ 150 ವರ್ಷ ತುಂಬಲಿದೆ.

ಹೊರದೇಶಗಳ ಸಭೆಗಳಲ್ಲಿ ಬೇಸಗೆಯ ಆರಂಭಕ್ಕೆ ಹೂವಿನ ಹಬ್ಬವೊಂದು ನಡೆಯುವುದು. ಪ್ರಾಗ್ ನಗರದ ಉಪದೇಶಕರಾಗಿದ್ದ ನಾರ್ಬರ್ಟ್ ಚಾಪೆಕ್ ಎಂಬವರು ಅದನ್ನು 1923ರಲ್ಲಿ ಆರಂಭಿಸಿದರು. ಪ್ರತಿಯೊಬ್ಬರೂ ಒಂದು ಹೂವನ್ನು ತಂದು ಒಂದೇ ಪಾತ್ರೆಯಲ್ಲಿ ಇಡುತ್ತಾರೆ. ಮರಳುವಾಗ ಬೇರೆಯವರು ತಂದ ಹೂವೊಂದನ್ನು ಒಯ್ಯುತ್ತಾರೆ. ಯಾರ ಹೂವು ಯಾರ ಮನೆಗೆ ಹೋಯಿತೆಂದು ಕೇಳುವವರಿಲ್ಲ. ಬೇರೆ ಬೇರೆ ಮತಗಳಿಂದ ಬಂದವರು ಒಟ್ಟಿಗೆ ಆಚರಿಸಬಲ್ಲ ವಿಧಿಯೊಂದು ಬೇಕೆಂದು ಅವರು ಹೂಡಿದ ಉಪಾಯವಿದು. ಅಂತಹ ಸಾಧುಪುರುಷರು 1942ರಲ್ಲಿ ನಾಜಿಗಳ ಸೆರೆಯಲ್ಲಿ ಪ್ರಾಣ ಕಳೆದುಕೊಂಡರು. ಹೂವಿನ ಹಬ್ಬ ಮಾತ್ರ ವರ್ಷವರ್ಷವೂ ನಡೆದು ಬಂದಿದೆ. ಅನೇಕ ಸಭೆಗಳು ಉಪಾಸನೆಯ ಮೊದಲು ಬಟ್ಟಲಿನಲ್ಲಿ ಬೆಳಗಿಸುವ ಜ್ಯೋತಿಯ ಲಾಂಛನವೂ ಹೀಗೆಯೇ ಬಂದುದು. 1941ರಲ್ಲಿ ಅದನ್ನು ಬರೆದುಕೊಟ್ಟ ಹಾನ್ಸ್ ಡಾಯಿಚ್ ನಾಜಿಗಳಿಂದ ತಪ್ಪಿಸಿಕೊಂಡು ಪರದೇಶವನ್ನು ಸೇರಿದ್ದ ಆಸ್ಟ್ರಿಯದ ಚಿತ್ರಕಾರ.

ನಮಗೆ ಇದರಿಂದ ಏನು?

ಹೀಗೆಂದು ವಾಚಕರು ಕೇಳಬಹುದು. ನಮ್ಮ ದೇವರುಗಳು ನಮಗಿದ್ದಾರೆ, ನಮ್ಮ ಮಠಮಂದಿರಗಳು ನಮಗಿವೆ. ಅವುಗಳನ್ನು ಬಿಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆಕ್ಸ್‌ಫರ್ಡಿನಿಂದ ಮರಳಿದ ಶಿಂದೆಯವರು ಮಾಡಿದುದೇನೆಂಬುದನ್ನು ನೋಡೋಣ. 1906ರಲ್ಲಿ ಮುಂಬಯಿಯಲ್ಲಿ ಅವರು ದಲಿತ ಮಕ್ಕಳ ವಿದ್ಯೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಅಧ್ಯಕ್ಷರಾದವರು ಚಂದಾವರ್ಕರರು. ಅತ್ತ ಮಂಗಳೂರಿನಲ್ಲಿ ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು ಅದಕ್ಕೂ ಮೊದಲೇ ಅಂತಹ ಕೆಲಸಕ್ಕೆ ಕೈಹಾಕಿ ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದ್ದರು. ದೇವರು ಒಬ್ಬನೆಂದ ಮೇಲೆ ಮಕ್ಕಳಲ್ಲಿ ಭೇದವೆಲ್ಲಿಯದು ಎಂಬುದೇ ಇವರೆಲ್ಲರ ನಡತೆಯ ತಿರುಳು.

ಪ್ರಾರ್ಥನಾ ಸಮಾಜವು ದುಡಿಯುವವರಿಗಾಗಿ ರಾತ್ರಿಶಾಲೆಗಳನ್ನೂ ನಡೆಸಿದ್ದಿತು. ರಾತ್ರಿಶಾಲೆ ಎಂದೊಡನೆ ಮುಂಬಯಿಯ ಕನ್ನಡಿಗನ ಮನಸ್ಸು ಕರಗದಿರದು. ಹಗಲು ಮೇಜು ಒರಸಿ, ಸಂಜೆ ಪುಸ್ತಕ ಹಿಡಿದು, ಮೆಟ್ರಿಕ್ ದಾಟಿ ಗುಮಾಸ್ತರಾದವರು, ವಕೀಲರಾದವರು ನಮ್ಮವರಲ್ಲಿ ಎಷ್ಟಿಲ್ಲ? ಅವರಿಗೆ ಕಲಿಸಿದವರೂ ಹಗಲಿನ ನೌಕರಿಯನ್ನು ಮುಗಿಸಿ ಬಂದವರೇ.

ಇಂದು ನಮ್ಮ ಅನೇಕ ಸಂಘಗಳಲ್ಲಿ ಕೇಳಿಬರುವ ಕೊರಗು ಒಂದೇ: ಹಿರಿಯರು ದಣಿದಿದ್ದಾರೆ, ಕಿರಿಯರು ಬರುವುದಿಲ್ಲ. ಕಟ್ಟಡವಿದೆ, ಕುರ್ಚಿಗಳಿವೆ, ಕೂರುವವರಿಲ್ಲ. ಖಾಸಿ ಹಳ್ಳಿಗಳ ಆ ಪದ್ಧತಿಯನ್ನು ಇಲ್ಲಿ ಯೋಚಿಸಬಹುದು. ಅಲ್ಲಿ ಕೆಲಸವು ಒಬ್ಬ ಅಧ್ಯಕ್ಷರ ಹೆಗಲ ಮೇಲೆಯೇ ನಿಲ್ಲುವುದಿಲ್ಲ. ಇಂದು ಕೇಳುಗನಾಗಿ ಕುಳಿತವನು ನಾಳೆ ಎದ್ದು ನಿಂತು ನಡೆಸಬೇಕಾಗುವುದು. ನಡೆಸುವ ಭಾರವು ಬಂದವನಿಗೆ ಸಂಘವು ತನ್ನದೆಂಬ ಅಭಿಮಾನವೂ ಬರುವುದು; ಬರಿಯ ಪ್ರೇಕ್ಷಕನಿಗೆ ಅದು ಹೇಗೆ ಬಂದೀತು? ಮುಂದಿನ ತಿಂಗಳ ಸಭೆಯನ್ನು ಒಬ್ಬ ಹೋಟೆಲು ಮಾಣಿಗೆ, ಅದರ ಮುಂದಿನದನ್ನು ಕಾಲೇಜಿನ ಹುಡುಗಿಯೊಬ್ಬಳಿಗೆ ಒಪ್ಪಿಸಿ ನೋಡಬಾರದೇಕೆ? ತಪ್ಪುಗಳಾಗಬಹುದು. ಆಗಲಿ.

ಒಬ್ಬ ಮನೆಯಾಳು ಎರಡು ಶತಮಾನಗಳಿಗೂ ಮಿಕ್ಕಿ ಬಾಳಿದ ಸಭೆಯನ್ನು ಕಟ್ಟಬಲ್ಲನಾದರೆ, ಅವನಿಗಿಂತ ಹೆಚ್ಚು ಓದಿದ, ಹೆಚ್ಚು ಸಂಬಳ ಪಡೆಯುವ ನಾವು ಕಟ್ಟಿಟ್ಟುದನ್ನು ಉಳಿಸಲಾರೆವೇ? ಮುಂದಿನ ಸಲ ಗಿರಗಾಂವಿನ ಆ ನಿಲ್ದಾಣದಲ್ಲಿ ಬಸ್ಸು ನಿಂತಾಗ ಜಮಖಂಡಿಯ ಆ ಮಹನೀಯರನ್ನು ಒಮ್ಮೆ ನೆನೆಯಿರಿ. ಮತ್ತು ಆ ವಾರವೇ ನಿಮ್ಮ ಸಂಘದ ಬಾಗಿಲನ್ನು ಒಮ್ಮೆ ಹೊಕ್ಕು ಬನ್ನಿರಿ.